ದನಿಯ ಏರಿಳಿತ ಗೆರೆಯಾದಾಗ

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನೀವು ಕೇಳಿದ್ದು ಒಂದು ತಾಳಮದ್ದಳೆಯ ತುಣುಕು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಪರಿಚಯದವರ ಮನೆಯ ಜಗಲಿಯಲ್ಲಿ ನಾನೇ ರೆಕಾರ್ಡ್ ಮಾಡಿದ್ದು. ಪದ ಹಾಡುವ ಭಾಗವತರಿಗೆ ಒಂದು ಮೈಕು, ಚೆಂಡೆ ಮದ್ದಳೆಗೆ ಒಂದೊಂದು, ಪಾತ್ರಗಳ ಮಾತಾಡುವ ಅರ್ಥಧಾರಿಗಳಿಬ್ಬರಿಗೆ ಒಂದೊಂದು, ಶ್ರುತಿಪೆಟ್ಟಿಗೆಯದ್ದು ಬೇರೆ ಟ್ರ್ಯಾಕ್. ಪದ ಹಾಡುವಾಗ ಶ್ರುತಿ ತುಂಬಿಕೊಂಡು ಬರುತ್ತದೆ, ಚೆನ್ನಾಗಿದೆ. ಆದರೆ ಅರ್ಥಧಾರಿ ದನಿ ತಗ್ಗಿಸಿದ ಕಡೆ ಗಮನಿಸಿದಿರಾ? ಮಾತಿನ ಬಾಲ ಶ್ರುತಿಯೊಳಗೆ ಮುಳುಗಿಹೋಗುತ್ತದೆ. ಶ್ರುತಿಯನ್ನು ಮೊದಲಿಂದ ಕೊನೆಯವರೆಗೂ ಕಡಿಮೆ ಮಾಡಿದರೆ ಹಾಡು ಬೋಳಾಗುತ್ತದೆ. ಮಾತು ಇರುವಲ್ಲಿ ಪೂರ್ತಿ ತೆಗೆದರೆ ಇನ್ನೂ ತಪ್ಪು. ಒಳ್ಳೆಯ ಅರ್ಥಧಾರಿಯ ಮಾತು ಶ್ರುತಿ ಹಿಡಿದೇ ಬರುತ್ತದೆ, ಅಲ್ವಾ?

ಹಾಗಾದರೆ ಬೇಕಾಗಿರುವುದು ಇಷ್ಟು. ಮಾತು ಬಂದಾಗ ಶ್ರುತಿ ಆರು ಡೆಸಿಬೆಲ್ ಇಳಿಯಬೇಕು, ಡೆಸಿಬೆಲ್ ಅಂದರೆ ಸದ್ದಿನ ಮಟ್ಟದ ಅಳತೆ. ಮಾತು ನಿಂತಾಗ ಮೆಲ್ಲಗೆ ಏರಬೇಕು. ಇದನ್ನು ಕೈಯಲ್ಲೇ ಮಾಡಬಹುದು. ಟ್ರ್ಯಾಕಿನ ಜೊತೆಗೆ ಒಂದು ಗೆರೆ ಕಾಣುತ್ತದಲ್ಲ, ವಾಲ್ಯೂಮ್ ಎನ್ವಲಪ್, ಅದರ ಮೇಲೆ ಒಂದೊಂದೇ ಪಾಯಿಂಟ್ ಇಡುತ್ತಾ ಹೋಗುವುದು. ಮೂರು ಗಂಟೆಯ ಪ್ರಸಂಗಕ್ಕೆ ಅದು ದಿನಗಟ್ಟಲೆ ಹಿಡಿಯುತ್ತದೆ. ಇನ್ನೊಂದು ದಾರಿ ಸೈಡ್‌ಚೈನ್ ಕಂಪ್ರೆಸರ್. ಅದು ಮಾತಿನ ಟ್ರ್ಯಾಕ್ ಕೇಳಿಸಿಕೊಂಡು ಶ್ರುತಿಯನ್ನು ತಗ್ಗಿಸುತ್ತದೆ. ತುಂಬಾ ಜನ ಇಲ್ಲಿಗೇ ನಿಲ್ಲುತ್ತಾರೆ. ನಾನು ಇವತ್ತು ಹೇಳುವುದು ಮೂರನೆಯ ದಾರಿ. ಮಾತಿನ ಏರಿಳಿತವನ್ನು ಕಂಪ್ಯೂಟರ್ ಕೈಲಿ ಅಳೆಸಿ, ಆ ಅಳತೆಯನ್ನೇ ಶ್ರುತಿ ಟ್ರ್ಯಾಕಿನ ಎನ್ವಲಪ್ ಆಗಿ ಬರೆಸುವುದು. ಬರೆದದ್ದನ್ನು ತಿದ್ದಬಹುದು. ಕಂಪ್ರೆಸರ್ ಮಾಡಿದ್ದು ಆ ಕ್ಷಣಕ್ಕೇ ಮುಗಿದುಹೋಗುತ್ತದೆ, ಗೆರೆ ಹಾಗೇ ಉಳಿಯುತ್ತದೆ.

ದನಿಯ ಬಲವನ್ನು ಬೇರೆ ತೆಗೆದು ನೋಡುವ ಯೋಚನೆ ಹಳೆಯದು. 1930ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ ವೊಕೋಡರ್ ಕಟ್ಟಿದರು. ಫೋನಿನ ತಂತಿಯಲ್ಲಿ ಮಾತನ್ನು ಕಡಿಮೆ ಜಾಗದಲ್ಲಿ ಸಾಗಿಸಬೇಕಿತ್ತು. ದನಿಯ ಅಲೆ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಅಲುಗುತ್ತದೆ. ಆದರೆ ಅದರ ಬಲ ಬದಲಾಗುವುದು ನಿಧಾನ. ನಾಲಿಗೆ, ತುಟಿ, ದವಡೆ ಅಷ್ಟು ಬೇಗ ಅಲುಗಲಾರವಲ್ಲ! ಹಾಗಾಗಿ ಅವರು ದನಿಯನ್ನು ಹತ್ತು ಪಟ್ಟಿಗಳಾಗಿ ಒಡೆದು, ಒಂದೊಂದರ ಬಲವನ್ನು 25 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 25 ಅಲುಗಾಟಕ್ಕಿಂತ, ನಿಧಾನವಾದ ಸಿಗ್ನಲ್ ಆಗಿ ಕಳಿಸಿದರು. ಎರಡನೇ ಮಹಾಯುದ್ಧದ ವೇಳೆ, 1943ರಲ್ಲಿ ಬಳಕೆಗೆ ಬಂದ ಸಿಗ್ಸಾಲಿ ಎಂಬ ಗುಪ್ತ ಫೋನ್ ವ್ಯವಸ್ಥೆ ಈ ಬಲವನ್ನು 20 ಮಿಲಿಸೆಕೆಂಡಿಗೊಮ್ಮೆ ಅಳೆಯುತ್ತಿತ್ತು. ನಮ್ಮ ಜಗಲಿಯ ರೆಕಾರ್ಡಿಂಗಿಗೂ ಅದೇ 20 ಮಿಲಿಸೆಕೆಂಡು ಸಾಕು. ಇದು ನೆನಪಾದಾಗಲೆಲ್ಲ ನನಗೆ ತುಂಬಾ ಖುಷಿಯಾಗುತ್ತದೆ.

ಅಳೆಯುವುದು ಹೇಗೆ? ನಮ್ಮ ರೆಕಾರ್ಡಿಂಗಿನಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್ ಇವೆ, ಅಂದರೆ ಅಲೆಯ ಎತ್ತರವನ್ನು ಹೇಳುವ ಸಂಖ್ಯೆಗಳು. 20 ಮಿಲಿಸೆಕೆಂಡಿಗೆ 960. ಇವುಗಳ ಸರಾಸರಿಯನ್ನು ಸುಮ್ನೆ ತೆಗೆದರೆ ಹೆಚ್ಚುಕಮ್ಮಿ ಸೊನ್ನೆ ಬರುತ್ತದೆ. ಅಲೆ ಮೇಲೆ ಹೋದಷ್ಟೇ ಕೆಳಗೂ ಹೋಗುತ್ತದೆ ನೋಡಿ. ಅದಕ್ಕೇ ಪ್ರತಿಯೊಂದನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿಯುತ್ತೇವೆ. ಸಿಕ್ಕಿದ ಸಂಖ್ಯೆಯನ್ನು ಡೆಸಿಬೆಲ್‌ಗೆ ತಿರುಗಿಸುತ್ತೇವೆ. ಅಲೆಯ ಎತ್ತರ ಅರ್ಧವಾದರೆ ಸುಮಾರು ಆರು ಡೆಸಿಬೆಲ್ ಇಳಿತ.

ಇಲ್ಲಿ ಒಂದು ಎಚ್ಚರಿಕೆ. ಅಳೆಯುವ ಕಿಟಕಿ, ಅಂದರೆ ಒಂದು ಸಲಕ್ಕೆ ಅಳೆಯುವ ಸಮಯದ ತುಂಡು, ತೀರಾ ಚಿಕ್ಕದಾದರೆ ದನಿಯ ಬಲದ ಬದಲು ಅಲೆಯ ಆಕಾರವನ್ನೇ ಅಳೆದುಬಿಡುತ್ತೇವೆ. 40 ಹರ್ಟ್ಸ್‌ನ ಒಂದು ಅಲೆ ಮುಗಿಯಲು 25 ಮಿಲಿಸೆಕೆಂಡು ಬೇಕು. ಅದನ್ನು 5 ಮಿಲಿಸೆಕೆಂಡಿನ ಕಿಟಕಿಯಲ್ಲಿ ನೋಡಿದರೆ ಗೆರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಆ ಗೆರೆಗೆ ಶ್ರುತಿಯನ್ನು ಕಟ್ಟಿದರೆ ಶ್ರುತಿ ನಡುಗುತ್ತದೆ. ಗಂಡಸಿನ ಮಾತಿಗೆ 20 ಸಾಲುತ್ತದೆ. ದಪ್ಪ ದನಿಯ ವಾದ್ಯಗಳಿಗೆ 50ರವರೆಗೂ ಹೋಗಿ.

ಈಗ ಪರದೆ ನೋಡಿ. ಇಲ್ಲಿ ರೆಕಾರ್ಡಿಂಗ್ ತಾಳುವ ಅತಿ ಜೋರು ಮಟ್ಟ ಸೊನ್ನೆ, ಅದಕ್ಕಿಂತ ಮೆಲ್ಲಗಿನದ್ದೆಲ್ಲ ಮೈನಸ್. ಮಾತಿನ ಮಟ್ಟ ಮೈನಸ್ 50 ಡೆಸಿಬೆಲ್‌ಗಿಂತ ಕೆಳಗಿದ್ದರೆ ಶ್ರುತಿಗೆ ಏನೂ ಆಗುವುದಿಲ್ಲ. ಮೈನಸ್ 40 ದಾಟಿದರೆ ಶ್ರುತಿ ಪೂರ್ತಿ ಆರು ಡೆಸಿಬೆಲ್ ಇಳಿಯುತ್ತದೆ. ನಡುವೆ ಇಳಿಜಾರು. ಇಳಿಯಲು 80 ಮಿಲಿಸೆಕೆಂಡು, ಏರಲು 800 ಕೊಟ್ಟಿದ್ದೇನೆ. ಬೇಗ ಏರಿಸಿದರೆ ಎರಡು ಮಾತಿನ ನಡುವಿನ ಪ್ರತಿ ಉಸಿರಿಗೂ ಶ್ರುತಿ ಮೇಲೆದ್ದು ಬರುತ್ತದೆ, ಕಿವಿಗೆ ಕಿರಿಕಿರಿ.

ಸೆಕೆಂಡಿಗೆ 50 ಅಳತೆ ಅಂದರೆ ಮೂರು ಗಂಟೆಗೆ 5,40,000 ಪಾಯಿಂಟ್. ಅಷ್ಟನ್ನೂ ಗೆರೆಯ ಮೇಲೆ ಹಾಕಿದರೆ ಸಾಫ್ಟ್‌ವೇರ್ ತೆವಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾವು ಕೈಯಿಟ್ಟು ಏನನ್ನೂ ತಿದ್ದಲು ಆಗುವುದಿಲ್ಲ. ತಿದ್ದಲು ಆಗದ ಗೆರೆ ಬರೆಸಿ ಏನು ಬಂತು? ಪಾಯಿಂಟ್ ಕಡಿಮೆ ಮಾಡಲು ಒಂದು ಸೊಗಸಾದ ವಿಧಾನ ಇದೆ. 1972ರಲ್ಲಿ ರಾಮರ್, 1973ರಲ್ಲಿ ಡಗ್ಲಸ್ ಮತ್ತು ಪ್ಯೂಕರ್ ಪ್ರಕಟಿಸಿದ್ದು. ನಕ್ಷೆಯಲ್ಲಿ ಕಡಲ ದಂಡೆಯಂಥ ಅಂಕುಡೊಂಕು ಗೆರೆಗಳನ್ನು ಸರಳ ಮಾಡಲು ಇದು ತುಂಬಾ ಬಳಕೆಯಾಗಿದೆ. ಎರಡು ತುದಿಗೆ ನೇರ ಗೆರೆ ಎಳೆಯಿರಿ. ಅದರಿಂದ ಅತಿ ದೂರ ಇರುವ ಪಾಯಿಂಟ್ ಹುಡುಕಿ. ಅದು ನೀವು ಇಟ್ಟ ಮಿತಿಗಿಂತ ದೂರ ಇದ್ದರೆ ಉಳಿಸಿಕೊಂಡು, ಎರಡೂ ಕಡೆ ಮತ್ತೆ ಹಾಗೇ ಮಾಡಿ. ದೂರ ಇಲ್ಲದಿದ್ದರೆ ನಡುವಿನ ಎಲ್ಲವನ್ನೂ ಅಳಿಸಿ. ನಾನು ಅರ್ಧ ಡೆಸಿಬೆಲ್ ಮಿತಿ ಇಡುತ್ತೇನೆ. ಸುಮ್ಮನೆ ಸಪಾಟಾಗಿರುವ ಕಡೆ ಪಾಯಿಂಟೇ ಉಳಿಯುವುದಿಲ್ಲ, ತಿರುವಿನಲ್ಲಿ ಮಾತ್ರ ಉಳಿಯುತ್ತವೆ.

ಸಾಫ್ಟ್‌ವೇರಿನ ವಿಷಯ ಬೇಗ ಮುಗಿಸುತ್ತೇನೆ. ಎಫ್ಎಲ್ ಸ್ಟುಡಿಯೋದ ಪೀಕ್ ಕಂಟ್ರೋಲರ್, ಏಬಲ್‌ಟನ್ ಲೈವ್‌ನ ಎನ್ವಲಪ್ ಫಾಲೋವರ್, ರೀಪರ್‌ನ ಪ್ಯಾರಾಮೀಟರ್ ಮಾಡ್ಯುಲೇಷನ್, ಇವೆಲ್ಲ ದನಿಯನ್ನು ಕೇಳುತ್ತಾ ಆ ಕ್ಷಣದಲ್ಲೇ ಕೆಲಸ ಮಾಡುವಂಥವು. ಪ್ರೋ ಟೂಲ್ಸ್‌ನಲ್ಲಿ ಕ್ಲಿಪ್ ಗೇನ್ ಗೆರೆಯನ್ನು, ಅಂದರೆ ರೆಕಾರ್ಡಿಂಗಿನ ಒಂದು ತುಂಡಿನ ಸದ್ದಿನ ಗೆರೆಯನ್ನು, ವಾಲ್ಯೂಮ್ ಆಟೊಮೇಷನ್ ಆಗಿ, ಅಂದರೆ ಟ್ರ್ಯಾಕಿನ ವಾಲ್ಯೂಮ್ ಗೆರೆಯಾಗಿ, ಬದಲಿಸುವ ಆಜ್ಞೆ ಇದೆ. ನಾನು ಬಳಸುವುದು ರೀಪರ್. ಅದರಲ್ಲಿ ಲುವಾ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದು ಸ್ಯಾಂಪಲ್ ಓದಿಸಬಹುದು, ಪಾಯಿಂಟ್ ಹಾಕಿಸಬಹುದು. ಒಂದು ಮಾತ್ರ ನೆನಪಿರಲಿ. ರೀಪರ್‌ನ ವಾಲ್ಯೂಮ್ ಎನ್ವಲಪ್‌ಗೆ ಎರಡು ಬಗೆಯ ಅಳತೆಪಟ್ಟಿ ಇದೆ, ಒಂದು ಅಲೆಯ ಎತ್ತರದ್ದು, ಇನ್ನೊಂದು ಫೇಡರ್‌ನದ್ದು, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿಯದ್ದು. ಯಾವುದು ಎಂದು ನೋಡದೆ ಸಂಖ್ಯೆ ತುಂಬಿದರೆ ಆರು ಡೆಸಿಬೆಲ್ ಇಳಿಯಬೇಕಾದದ್ದು ಇನ್ನೆಷ್ಟಕ್ಕೋ ಹೋಗಿ ನಿಲ್ಲುತ್ತದೆ. ನಾನು ಒಂದು ಇಡೀ ಸಂಜೆ ತಪ್ಪನ್ನು ಬೇರೆ ಕಡೆ ಹುಡುಕಿದ್ದೆ.

ಗೆರೆ ಬಂತು. ಇನ್ನು ತಿದ್ದುವುದು.

ಮೊದಲು ಎಲ್ಲ ಪಾಯಿಂಟ್ ಹಿಡಿದು 100 ಮಿಲಿಸೆಕೆಂಡು ಎಡಕ್ಕೆ ಎಳೆಯಿರಿ. ಮೊದಲಿನ ಅಕ್ಷರ ಬಾಯಿಂದ ಹೊರಡುವಷ್ಟರಲ್ಲೇ ಶ್ರುತಿ ಇಳಿದು ಜಾಗ ಬಿಟ್ಟಿರುತ್ತದೆ. ಎದುರು ಕೂತು ಕೇಳುವ ಯಂತ್ರಕ್ಕೆ ಮುಂದಿನ ಮಾತು ಗೊತ್ತಾಗುವುದಿಲ್ಲ. ಲುಕ್‌ಅಹೆಡ್ ಇರುವ ಕಂಪ್ರೆಸರ್ ಕೂಡ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡು ಮುಂದೆ ನೋಡುತ್ತದೆ. ಬರೆದಿಟ್ಟ ಗೆರೆಗೆ ಆ ತೊಂದರೆ ಇಲ್ಲ.

ಆಮೇಲೆ ಚೆಂಡೆ. ಅದರ ಸದ್ದು ಅರ್ಥಧಾರಿಯ ಮೈಕಿಗೂ ನುಗ್ಗುತ್ತದೆ. ಕಂಪ್ಯೂಟರಿಗೆ ಅದೂ ಮಾತೇ. ಹಾಗಾಗಿ ಪದದ ನಡುವೆ, ಶ್ರುತಿ ತುಂಬಿರಬೇಕಾದ ಕಡೆಯೇ ಗೆರೆ ಕುಸಿದಿದೆ, ಇಲ್ಲಿ ನೋಡಿ. ಫಿಲ್ಟರ್ ಹಾಕಿ ಮದ್ದಳೆಯ ದಪ್ಪ ದನಿಯನ್ನು ಬೇರೆ ಮಾಡಬಹುದು. ಚೆಂಡೆಯನ್ನು ಆಗುವುದಿಲ್ಲ, ಅದು ಮಾತಿನ ಜಾಗದಲ್ಲೇ ಕೂರುತ್ತದೆ. ಈ ಭಾಗವನ್ನು ಆರಿಸಿ ಅಳಿಸುತ್ತೇನೆ. ಐದು ಸೆಕೆಂಡಿನ ಕೆಲಸ. ಕೆಮ್ಮು, ಚಾಪೆ ಸರಿದ ಸದ್ದು, ಅವೂ ಹೋಗಲಿ.

ಕೊನೆಗೆ ಇದೊಂದು ಜಾಗ. ಕರ್ಣನ ಅರ್ಥ. ತಾಯಿ ಯಾರೆಂದು ತಿಳಿದ ಮೇಲೆ ಅರ್ಥಧಾರಿ ನಾಲ್ಕು ಸೆಕೆಂಡು ಮಾತೇ ಆಡುವುದಿಲ್ಲ. ಮಾತು ನಿಂತಿತು ಎಂದು ಲೆಕ್ಕ ಹಾಕಿ ಗೆರೆ ಏರಿದೆ, ಶ್ರುತಿ ಆ ಮೌನವನ್ನು ತುಂಬಿಬಿಟ್ಟಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಈ ಎರಡು ಪಾಯಿಂಟ್ ಹಿಡಿದು ಕೆಳಗಿಳಿಸುತ್ತೇನೆ. ಈಗ ಮತ್ತೊಮ್ಮೆ ಕೇಳಿ.