ಏಪ್ರಿಲ್ ಮಾತು ಸಾಕು, ಗುರುವಾರದ್ದು ಹೇಳಿ

ನಮಸ್ಕಾರ. ಹೋದ ಎಪಿಸೋಡಿಗೆ ಒಬ್ಬರ ಕಾಮೆಂಟು: 'ಹವಾಮಾನ ವಿಜ್ಞಾನಿಗಳು ಸರಿಯಾಗೇ ಹೇಳ್ತಾರೆ, ಜನಕ್ಕೆ ಅರ್ಥ ಆಗಲ್ಲ.' ಆಯ್ತು ಸ್ವಾಮಿ, ಏನು ಹೇಳ್ತಾರೆ ಅಂತ ನೋಡೇಬಿಡೋಣ.

2023ರ ಏಪ್ರಿಲ್. ದೆಹಲಿಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಪತ್ರಿಕಾಗೋಷ್ಠಿ. ಮುಂಗಾರು ಮಳೆ ವಾಡಿಕೆಯ ಶೇ 96, ಐದು ಹೆಚ್ಚುಕಮ್ಮಿ ಆಗಬಹುದು ಅಂದ್ರು. ಟಿವಿಗೆ ಬರೋ ಹೊತ್ತಿಗೆ ಆ ಐದು ಮಾಯ, 'ಈ ಸಲ ವಾಡಿಕೆ ಮಳೆ' ಅಷ್ಟೇ ಉಳೀತು. ಕೊನೆಗೆ ಬಂದದ್ದು ಶೇ 94. ಲೆಕ್ಕ ಪಾಸ್! ಕರ್ನಾಟಕದಲ್ಲಿ? 236 ತಾಲ್ಲೂಕುಗಳಲ್ಲಿ 223 ಬರಪೀಡಿತ.

ಯಾಕಂದ್ರೆ ಆ ಶೇಕಡಾ ಇಡೀ ದೇಶದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಟ್ಟು ಮಳೆಯನ್ನ 87 ಸೆಂಟಿಮೀಟರ್ ಸರಾಸರಿಗೆ ಹೋಲಿಸಿದ್ದು. ದೇಶಕ್ಕೆ ಜುಲೈನಲ್ಲಿ ಶೇ 13 ಜಾಸ್ತಿ, ಆಗಸ್ಟ್‌ನಲ್ಲಿ ಶೇ 36 ಕಮ್ಮಿ. 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಕೂಡಿ ಭಾಗಿಸಿದ್ರೆ ಎಲ್ಲ ಮುಚ್ಚಿಹೋಗತ್ತೆ. ರಾಗಿ ಪೈರು ಸರಾಸರಿ ಕುಡಿಯಲ್ಲ.

'ಮೇ ಕೊನೆಗೆ ಪ್ರದೇಶವಾರು ಹೇಳ್ತಾರಲ್ಲ' ಅಂತೀರಾ? ಹೇಳ್ತಾರೆ, ದಕ್ಷಿಣ ಪರ್ಯಾಯದ್ವೀಪ ಅಂತ. ಆಗುಂಬೆ, ಚಳ್ಳಕೆರೆ ಎರಡೂ ಒಂದೇ ಬುಟ್ಟಿಗೆ!

ರೈತನ ಪ್ರಶ್ನೆ ಒಂದೇ: ಬಿತ್ತಿದ ಮೇಲೆ ಹದಿನೈದು ದಿನ ಮಳೆ ಕೈಕೊಡತ್ತಾ? ಉತ್ತರ ಇದೇ ಇಲಾಖೆ ಹತ್ರ ಇದೆ. ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಮುನ್ನೋಟ ಹಾಕ್ತಾರೆ. ಮೊದಲೆರಡು ವಾರದ್ದನ್ನ ತಕ್ಕಮಟ್ಟಿಗೆ ನೆಚ್ಚಬಹುದು, ಆಮೇಲಿಂದು ಮಸುಕು. ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ, ಐದು ದಿನದ ಮುನ್ಸೂಚನೆ ಸಮೇತ. ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗತ್ತೆ. (ನಮ್ಮ ಚಾನೆಲ್ ನೋಡೋ ಫೋನಿನಲ್ಲೇ ಹಾಕ್ಕೊಳ್ಳಿ, ಜಾಗ ಇಲ್ಲ ಅಂದ್ರೆ ಗುಡ್ ಮಾರ್ನಿಂಗ್ ಫೋಟೋ ಅಳಿಸಿ.) ಆದ್ರೆ ಮೈಕು, ಕ್ಯಾಮೆರಾ, ಬ್ರೇಕಿಂಗ್ ನ್ಯೂಸ್ ಎಲ್ಲ ಏಪ್ರಿಲ್‌ಗೆ. ಗುರುವಾರಕ್ಕೆ ಬರೀ ಪಿಡಿಎಫ್!

'ಎರಡನೇ ವಾರದ್ದು ತಪ್ಪಿದ್ರೆ ಜನ ಬೈತಾರೆ' ಅಂತಾರೆ. ಏಪ್ರಿಲ್‌ದಕ್ಕೆ ಹಾರ ಹಾಕ್ತಿದ್ದಾರಾ? 'ರೈತರಿಗೆ ತಿಳಿಸೋದು ಕೃಷಿ ಇಲಾಖೆ ಕೆಲಸ.' ಹೂಂ, ಫೈಲು ಆ ಟೇಬಲ್ ತಲುಪೋದ್ರೊಳಗೆ ಆರಿದ್ರಾ ಮಳೆ ಮುಗಿದಿರತ್ತೆ.

ಹವಾಮಾನ ಇಲಾಖೆಯವರೇ, ಗುರುವಾರ ಕ್ಯಾಮೆರಾ ಮುಂದೆ ಬನ್ನಿ. ಹತ್ತೇ ನಿಮಿಷ, ಕನ್ನಡದಲ್ಲಿ. 'ಮುಂದಿನ ವಾರ ಬಿತ್ತಬೇಡಿ, ನಮ್ಮ ಮಾತು ತಪ್ಪಲೂಬಹುದು' ಅನ್ನಿ, ಸಾಕು. ಏಪ್ರಿಲ್ ಅಲ್ಲ, ಗುರುವಾರ! ಮತ್ತೆ ಹೇಳ್ಲಾ? ಗುರುವಾರ!

ವಿಡಿಯೋ ಶೇರ್ ಮಾಡಿ, ಗಂಟೆ ಒತ್ತಿ. ಮುಂದಿನ ಎಪಿಸೋಡಲ್ಲಿ ರೆಡ್ ಅಲರ್ಟ್ ಬಗ್ಗೆ ಜಗಳ ಇದೆ.