ಧೈರ್ಯ ಮೆಚ್ಚಿದ್ದು ಸಾಕು, ಚೀಟಿ ಹಂಚಿ

ನಮಸ್ಕಾರ. ವಿದ್ಯಾರ್ಥಿ ಸಮ್ಮೇಳನಗಳಲ್ಲಿ ಟ್ರಾನ್ಸ್ ವಿದ್ಯಾರ್ಥಿಯೊಬ್ಬರು, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನುವವರು, ವೇದಿಕೆಗೆ ಬಂದು ತಮ್ಮ ಅನುಭವ ಹೇಳ್ತಾರೆ. ಸಭೆ ಚಪ್ಪಾಳೆ ತಟ್ಟುತ್ತೆ. ನಿರೂಪಕರು ಮೈಕ್ ಹಿಡಿದು "ಎಂಥಾ ಧೈರ್ಯ!" ಅಂತಾರೆ. ನನ್ನ ತಕರಾರು ಇರೋದು ಆ ಮಾತಿನ ಮೇಲೇ. ಅಷ್ಟೊಂದು ಧೈರ್ಯ ಯಾಕೆ ಬೇಕಾಯ್ತು? ಬಹಳ ಸಲ, ಸಂಘಟಕರು ಮಾಡಬೇಕಿದ್ದ ಕೆಲಸ ಮಾಡದೇ ಬಿಟ್ಟಿದ್ದಕ್ಕೆ. ಆ ಕೆಲಸ ಯಾವುದು, ಎಲ್ಲಿ ಕೈತಪ್ಪುತ್ತೆ ಅಂತ ಇವತ್ತು ಮಾತಾಡೋಣ.

ಮೊದಲು ಆಹ್ವಾನ. ಮಾರ್ಚ್ 31 ಅಂತರರಾಷ್ಟ್ರೀಯ ಟ್ರಾನ್ಸ್‌ಜೆಂಡರ್ ಗೋಚರತಾ ದಿನ, 2009ರಿಂದ ಆಚರಣೆಯಲ್ಲಿದೆ. ಆ ದಿನಕ್ಕೆ ಇನ್ನು ಮೂರೇ ದಿನ ಅನ್ನುವಾಗ ಯಾರನ್ನೋ ಹುಡುಕಿ "ಹದಿನೈದು ನಿಮಿಷ ಮಾತಾಡ್ತೀರಾ" ಅಂತ ಕೇಳೋದು ತಪ್ಪು. ನಾಲ್ಕು ವಾರ ಮುಂಚೆ ಕೇಳಿ. ಭಾಷಣ ಬರೆಯೋಕೆ ಅಷ್ಟು ದಿನ ಬೇಡ, ನಿಜ. ಆದರೆ ಮನೆಯಲ್ಲಿ ಯಾರಿಗೆ ಗೊತ್ತು, ಹಾಸ್ಟೆಲಿನಲ್ಲಿ ಯಾರಿಗೆ ಗೊತ್ತಿಲ್ಲ, ಈ ಮಾತು ಯಾರ ಕಿವಿಗೆ ಬಿದ್ದರೆ ಏನಾಗುತ್ತೆ ಅಂತ ಅವರು ಲೆಕ್ಕ ಹಾಕಬೇಕು. ಅದಕ್ಕೆ ಬೇಕು. ಎಷ್ಟು ಜನ ಇರ್ತಾರೆ, ಪತ್ರಕರ್ತರು ಬರ್ತಾರಾ, ರೆಕಾರ್ಡಿಂಗ್ ಇದೆಯಾ, ಪ್ರಯಾಣದ ಖರ್ಚು ಯಾರದು, ಎಲ್ಲವನ್ನೂ ಬರೆದು ಕೊಡಿ. ಬೇರೆ ಅತಿಥಿಗಳಿಗೆ ಗೌರವಧನ ಇದ್ದರೆ ಇವರಿಗೂ ಇರಲಿ. ಉಪನ್ಯಾಸಕ್ಕೆ ದುಡ್ಡು, ಅನುಭವಕ್ಕೆ ಬರೀ ಶಾಲು ಅನ್ನೋದು ನ್ಯಾಯವಲ್ಲ.

ಇನ್ನು ಹೆಸರು. ಅತಿ ಹೆಚ್ಚು ಎಡವೋದು ಇಲ್ಲೇ. ನೋಂದಣಿ ಪಟ್ಟಿಯನ್ನ ಸಂಸ್ಥೆಯ ದಾಖಲೆಯಿಂದ ತೆಗೆದುಕೊಂಡರೆ ಹಳೆಯ ಹೆಸರು ಹಾಗೇ ಇಳಿದು ಬರುತ್ತೆ. ಬ್ಯಾಡ್ಜಿನಲ್ಲಿ ತಿದ್ದಿರ್ತಾರೆ, ಕಾರ್ಯಕ್ರಮ ಪಟ್ಟಿಯಲ್ಲೂ ತಿದ್ದಿರ್ತಾರೆ. ಕೊನೆಗೆ ಪ್ರಮಾಣಪತ್ರದಲ್ಲಿ ಅದೇ ಹಳೆಯ ಹೆಸರು, ಅದನ್ನೇ ವೇದಿಕೆ ಮೇಲೆ ಗಟ್ಟಿಯಾಗಿ ಓದ್ತಾರೆ. ಪ್ರಮಾಣಪತ್ರ ಮುದ್ರಿಸೋ ತಂಡದ ಕೈಯಲ್ಲಿದ್ದದ್ದು ತಿದ್ದೋದಕ್ಕೆ ಮುಂಚಿನ ಫೈಲು, ಅಷ್ಟೇ ಕಾರಣ. ಆದ್ದರಿಂದ ಒಂದೇ ಪಟ್ಟಿ ಇಟ್ಟುಕೊಳ್ಳಿ, ಎರಡು ಕಾಲಂ ಮಾಡಿ. ಒಂದು ಕರೆಯುವ ಹೆಸರು, ಇನ್ನೊಂದು ಗುರುತಿನ ಚೀಟಿಯ ಹೆಸರು. ಮುದ್ರಣಕ್ಕೆ ಹೋಗೋದೆಲ್ಲ ಮೊದಲನೆಯದರಿಂದ. ಎರಡನೆಯದು ಟಿಕೆಟ್ಟಿಗೆ, ವಸತಿಗೆ ಬೇಕಾದರೆ ಮಾತ್ರ, ಅದೂ ಒಬ್ಬರ ಕೈಯಲ್ಲಿರಲಿ.

ನಮ್ಮ ಭಾಷೆಯ ಒಂದು ಸೂಕ್ಷ್ಮ ಇಲ್ಲಿ ಹೇಳಲೇಬೇಕು. "ನಾನು ಹೋದೆ, ನಾನು ಅತ್ತೆ" ಅನ್ನುವಾಗ ಕ್ರಿಯಾಪದದಲ್ಲಿ ಲಿಂಗವೇ ಇಲ್ಲ. ಮಾತಾಡುವವರು ಇಡೀ ಬಾಲ್ಯವನ್ನ ಹಾಗೇ ಹೇಳಿ ಮುಗಿಸಬಹುದು. ಆಮೇಲೆ ನಿರೂಪಕರು ಅದನ್ನ ಎರಡು ಸಾಲಿನಲ್ಲಿ ಸಾರಾಂಶ ಹೇಳೋಕೆ ಹೊರಡ್ತಾರೆ. "ಹೋದ" ಅನ್ನಬೇಕೋ "ಹೋದಳು" ಅನ್ನಬೇಕೋ ಗೊತ್ತಾಗಲ್ಲ. ಒಂದೇ ವಾಕ್ಯದಲ್ಲಿ ಎರಡೂ ಬಂದುಬಿಡುತ್ತೆ. "ಅವರು" ಅಂದರೆ ಆಯ್ತಲ್ಲ ಅಂತೀರಾ? ವೇದಿಕೆ ಮೇಲಿರುವ ಎಲ್ಲರಿಗೂ ಅವರು, ಇವರು ಅನ್ನುತ್ತಿದ್ದರೆ ಸರಿ. ಉಳಿದ ಹುಡುಗಿಯರನ್ನೆಲ್ಲ "ಅವಳು" ಅಂದು ಈ ಒಬ್ಬಳನ್ನ ಮಾತ್ರ "ಅವರು" ಅಂದರೆ, ಗೌರವದ ಹೆಸರಲ್ಲಿ ಅವಳನ್ನ ಸಾಲಿನಿಂದ ಆಚೆ ನಿಲ್ಲಿಸಿದ ಹಾಗೆ. ಏನಂತ ಕರೆಯಲಿ ಅಂತ ಮೊದಲೇ ಕೇಳಿ. ಪರಿಚಯದ ನಾಲ್ಕು ಸಾಲನ್ನ ಅವರಿಂದಲೇ ಬರೆಸಿಕೊಂಡು ಹಾಗೇ ಓದಿ. ಸಾರಾಂಶ ಹೇಳೋ ಚಪಲ ಬಿಡಿ.

ಮಾತಾಡುವವರಿಗೂ ಒಂದು ಮಾತು. ಇಡೀ ಜೀವನ ಹೇಳೋಕೆ ಹೋಗಬೇಡಿ. ಹದಿನೈದು ನಿಮಿಷಕ್ಕೆ ಎರಡು ಘಟನೆ ಸಾಕು. ಕಳೆದ ವಾರ ಆದ ಗಾಯ ಬೇಡ, ಮಾಗಿದ್ದನ್ನ ಹೇಳಿ. ಹೇಳೋದು, ಕೇಳಿದರೆ ಹೇಳೋದು, ಏನೇ ಆದರೂ ಹೇಳದೇ ಇರೋದು ಅಂತ ಮೊದಲೇ ವಿಂಗಡಿಸಿಟ್ಟುಕೊಳ್ಳಿ. ಈ ಮೂರನೆಯದನ್ನ ನಿರೂಪಕರಿಗೂ ತಿಳಿಸಿ.

ಸಭಾಂಗಣದ ವಿಷಯ. ಸ್ಪೀಕರಿನಲ್ಲಿ ತಮ್ಮದೇ ದನಿ ದೊಡ್ಡದಾಗಿ ಕೇಳಿದಾಗ ಎಷ್ಟೋ ಟ್ರಾನ್ಸ್ ಜನರಿಗೆ ಗಂಟಲು ಕಟ್ಟುತ್ತೆ. ಅರ್ಧ ಗಂಟೆ ಮುಂಚೆ, ಖಾಲಿ ಹಾಲಿನಲ್ಲಿ, ಐದು ನಿಮಿಷ ಮೈಕ್ ಕೊಟ್ಟುಬಿಡಿ. ಕಾಲರ್ ಮೈಕ್ ಆದರೆ ಅದನ್ನ ಅವರೇ ಸಿಕ್ಕಿಸಿಕೊಳ್ಳಲಿ, ಬೇರೆಯವರು ಬಟ್ಟೆಗೆ ಕೈ ಹಾಕೋದು ಬೇಡ. ಎದೆ ಚಪ್ಪಟೆಯಾಗಿ ಕಾಣಲಿ ಅಂತ ಕೆಲವು ಟ್ರಾನ್ಸ್ ಜನ ತೊಡುವ ಬಿಗಿ ಒಳಉಡುಪು, ಬೈಂಡರನ್ನ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹಾಕಬಾರದು ಅನ್ನೋದು ಸಾಮಾನ್ಯ ಸಲಹೆ. ಅದಕ್ಕೇ ಗೋಷ್ಠಿ ಬೆಳಗ್ಗೆ ಇದ್ದರೆ ಒಳ್ಳೆಯದು. ಚಿಲಕ ಇರುವ ಒಂದು ಕೋಣೆ, ಒಬ್ಬರೇ ಬಳಸುವಂಥ ಶೌಚಾಲಯ ಎಲ್ಲಿದೆ ಅಂತ ತೋರಿಸಿಡಿ. ಅದರ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದನ್ನೂ ನೋಡಿಕೊಳ್ಳಿ.

ಈಗ ಪ್ರಶ್ನೆಗಳು. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಸಭೆಯಲ್ಲಿ ಮೈಕ್ ಓಡಾಡಿಸಬೇಡಿ, ಚೀಟಿ ಹಂಚಿ. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಒಂದು ಚೀಟಿ, ಒಂದು ಪೆನ್ಸಿಲ್. ಮಾತು ಮುಗಿಯುವ ಹೊತ್ತಿಗೆ ಸಂಗ್ರಹಿಸಿ, ಇಬ್ಬರು ಕೂತು ವಿಂಗಡಿಸಲಿ. ಶಸ್ತ್ರಚಿಕಿತ್ಸೆ ಆಗಿದೆಯಾ, ಹಳೆಯ ಹೆಸರೇನು, ಇಂಥವು ಪಕ್ಕಕ್ಕೆ. "ಇದು ಮಾನಸಿಕ ಕಾಯಿಲೆ ಅಲ್ವಾ" ಅಂತ ಬಂದರೆ ಉತ್ತರ ಕೊಡುವ ಹೊಣೆ ನಿರೂಪಕರದು, ಅತಿಥಿಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ಐಸಿಡಿ-11, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ ಪಟ್ಟಿ, ಇದನ್ನ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದಿದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಇಷ್ಟನ್ನ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ಸಾಕು.

ಚೀಟಿ ಬಂದರೆ ಸಂವಾದವೇ ಸಾಯುತ್ತೆ ಅನ್ನುವವರಿದ್ದಾರೆ. ಇನ್ನೂರು ಜನರ ಮುಂದೆ ದೇಹದ ಬಗ್ಗೆ ಪ್ರಶ್ನೆ ಬಿದ್ದ ಮೇಲೆ "ಉತ್ತರ ಕೊಡಲ್ಲ" ಅಂದರೂ ಆಗಬೇಕಾದ ನೋವು ಆಗಿಹೋಗಿರುತ್ತೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಸಭೆಯ ಹಿಂದಿನ ಸಾಲಿನಲ್ಲಿ ಇನ್ನೂ ಯಾರಿಗೂ ಹೇಳಿಕೊಳ್ಳದ ಒಂದು ಟ್ರಾನ್ಸ್ ಜೀವ ಕೂತಿರಬಹುದು. ಎದ್ದು ನಿಂತು ಮೈಕ್ ಹಿಡಿಯೋದು ಅದರ ಕೈಲಾಗಲ್ಲ. ಚೀಟಿ ಬರೆಯೋದು ಆಗುತ್ತೆ. ಆ ಒಂದು ಚೀಟಿ ವೇದಿಕೆ ತನಕ ತಲುಪಿದರೆ ಇಡೀ ಗೋಷ್ಠಿ ಮಾಡಿದ್ದು ಸಾರ್ಥಕ.

ಮುಗಿದ ತಕ್ಷಣ ಜನ ಮುತ್ತಿಕೊಳ್ತಾರೆ. ಸೆಲ್ಫಿ, ಕಣ್ಣೀರು, ತಮ್ಮ ಗುಟ್ಟು ಹೇಳಿಕೊಳ್ಳೋದು, ಎಲ್ಲ ಒಟ್ಟಿಗೆ. ಒಬ್ಬ ಸ್ನೇಹಿತರು ಪಕ್ಕದಲ್ಲಿರಲಿ, ಹತ್ತು ನಿಮಿಷದಲ್ಲಿ ಚಿಲಕ ಇರುವ ಆ ಕೋಣೆಗೆ ಕರೆದುಕೊಂಡು ಹೋಗಲಿ. ಸಂಕಟ ಹೇಳಿಕೊಳ್ಳಲು ಬಂದವರನ್ನ ಆಪ್ತಸಮಾಲೋಚಕರ ಹತ್ತಿರ ಕಳಿಸುವ ವ್ಯವಸ್ಥೆ ಮೊದಲೇ ಇರಬೇಕು. ಅತಿಥಿ ಬಂದಿರೋದು ಮಾತಾಡೋಕೆ.

ವಿಡಿಯೊ ಬಗ್ಗೆ ಕೊನೆಯದಾಗಿ. ನೇರ ಪ್ರಸಾರ ಬೇಡವೇ ಬೇಡ. ಆಡಿದ ಮಾತನ್ನ ಆಮೇಲೆ ಕತ್ತರಿಸೋಕೆ ಅಲ್ಲಿ ದಾರಿಯೇ ಇಲ್ಲ. ರೆಕಾರ್ಡ್ ಮಾಡೋಕೆ ಒಪ್ಪಿದ್ದರೂ, ಹಾಕಲಾ ಬೇಡವಾ ಅಂತ ಮಾರನೇ ದಿನ ಮತ್ತೆ ಕೇಳಿ. ವೇದಿಕೆ ಹತ್ತುವ ಮುಂಚೆ ಕೊಟ್ಟ ಒಪ್ಪಿಗೆ ಆಡದ ಮಾತಿಗೆ ಕೊಟ್ಟ ಒಪ್ಪಿಗೆ. ಬೇಡ ಅಂದರೆ ಕಾರಣ ಕೇಳದೆ ಅಳಿಸಿಬಿಡಿ. ಕ್ಯಾಮೆರಾದ ಕಾರ್ಡಿನಿಂದ, ಡ್ರೈವಿನಿಂದ, ಕ್ಲಿಪ್ ಹಂಚಿಕೊಂಡ ಸ್ವಯಂಸೇವಕರ ವಾಟ್ಸಾಪ್ ಗುಂಪಿನಿಂದ. ಅಳಿಸಿದ ಮೇಲೆ "ಅಳಿಸಿದ್ದೇವೆ" ಅಂತ ಅವರಿಗೊಂದು ಸಂದೇಶ ಕಳಿಸಿ.