ಹೇಳಿ ಜಿಗೀರಿ

ಕೇಳುಗರಿಗೆಲ್ಲಾ ನಮಸ್ಕಾರ್ರಿ. ನನಗ ಕೊಟ್ಟ ಟೈಮ್ ಕಮ್ಮಿ ಅದ, ಅದಕ್ಕ ಸೀದಾ ವಿಷಯಕ್ಕ ಬರ್ತೀನಿ. ಮ್ಯಾಲ ವಿಮಾನ ಹೊಂಟಿರ್ತಾವ, ಅದೇ ಆಕಾಶದಾಗ ಪ್ಯಾರಾಶೂಟ್ ಕಟಗೊಂಡ ಮಂದಿ ಜಿಗೀತಿರ್ತಾರ, ಇವರು ಒಬ್ಬರಿಗೊಬ್ಬರು ಬಡೀದಂಗ ಹ್ಯಾಂಗ ನೋಡ್ಕೋಬೇಕು? ಉತ್ತರ ಒಂದೇ ಅದ, ನಾನು ಇವತ್ತು ಅದನ್ನೇ ಮತ್ತ ಮತ್ತ ಹೇಳಾಂವ. ಜಿಗಿಯೋಕ್ಕಿಂತ ಮೊದಲ ಹೇಳ್ರಿ. ಕಣ್ಣು ನಂಬಬ್ಯಾಡ್ರಿ, ಬಾಯಿಬಿಟ್ಟು ಹೇಳ್ರಿ.

ನಮ್ಮ ಕಡಿ ಇದೆಲ್ಲಾ ಯಾಕ್ರೀ ಅಂತ ಕೆಲವರಿಗೆ ಅನಸ್ತದ. ಬೀದರ್‌ದಾಗ ವಾಯುಪಡೆಯವರು ಹಾಕ್ ಜೆಟ್ ಮ್ಯಾಲ ಹುಡುಗರಿಗೆ ಟ್ರೇನಿಂಗ್ ಕೊಡ್ತಾರ, ಆಕಾಶದಾಗ ಕಸರತ್ತು ಮಾಡಿ ತೋರಸೋ ಸೂರ್ಯಕಿರಣ ವಿಮಾನ ತಂಡ ಅಲ್ಲೇ ಅದ. ಕಲಬುರಗಿದಾಗ ಶ್ರೀನಿವಾಸ ಸರಡಗಿ ಹತ್ರ 2019ರ ನವೆಂಬರ್‌ದಾಗ ಏರ್‌ಪೋರ್ಟ್ ಚಾಲೂ ಆಯ್ತು, ಅಲ್ಲೂ ಪೈಲಟ್ ಆಗೋರು ಸಣ್ಣ ಸಣ್ಣ ವಿಮಾನ ತಗೊಂಡು ಸುತ್ತ ಹಾಕ್ತಿರ್ತಾರ, ತೊಗರಿ ಹೊಲದಾಗ ನಿಂತವರು ದಿನಾ ನೋಡ್ತೀರಿ. ಇದರ ನಡುವ ಉತ್ಸವ ಬಂತಂದ್ರ ಪ್ಯಾರಾಮೋಟರ್, ಅಂದ್ರ ಬೆನ್ನಿಗೆ ಇಂಜಿನ್ ಕಟಗೊಂಡು ಹಾರೋ ಪ್ಯಾರಾಶೂಟಿನಂಥಾದ್ದು, ತರಸ್ತಾರ, ನಾಳಿ ವಿಮಾನದಿಂದ ಜಿಗಿಯೋ ಸ್ಕೈಡೈವಿಂಗೂ ತರಸ್ತಾರ. ತರಸ್ಲಿ, ನನಗ ಖುಷಿನೇ ಅದ. ಖರೇ ಹೇಳ್ತೀನಿ, ಮನಷ್ಯಾ ಆಕಾಶದಿಂದ ಜಿಗದು ನೆಟ್ಟಗ ನೆಲಕ್ಕ ಇಳಿಯೋದು ನೋಡಿದ್ರ ಇವತ್ತಿಗೂ ನನ್ನ ಮೈ ಝುಮ್ ಅಂತದ.

ಈಗ ಪೈಲಟ್‌ಗೆ ಕಣ್ಣಿಲ್ಲೇನ್ರೀ, ನೋಡಿ ಸರೀಲಿ ಅಂತೀರಿ. ಕೇಳ್ರಿ. 10,000 ಫೂಟಿನಿಂದ ಜಿಗದಾಂವ ತಾಸಿಗೆ 200 ಕಿಲೋಮೀಟರ್ ಸ್ಪೀಡಿನ್ಯಾಗ ಬೀಳ್ತಿರ್ತಾನ, ಅಂದ್ರ ಒಂದು ಸೆಕೆಂಡಿಗೆ ಐವತ್ತು ಮೀಟರಿಗಿಂತ ಜಾಸ್ತಿ, ಅರ್ಧ ನಿಮಿಷದ ಆಚೀಚಿ 5,000 ಫೂಟಿಗೆ ಬಂದಿರ್ತಾನ. ಅಂವ ಬರೋದು ಮ್ಯಾಲಿಂದ, ಪೈಲಟ್‌ಗೆ ಕಾಣೋದು ಮುಂದಿಂದು. ತಲಿ ಮ್ಯಾಲ ಪತ್ರಾ ಅದ, ಕೆಲವು ವಿಮಾನದಾಗ ರೆಕ್ಕಿನೇ ಅಡ್ಡ ಬರ್ತದ. ಇನ್ನೊಂದು ಮಾತು ಅದ, ಇದು ಟ್ರೇನಿಂಗಿನ್ಯಾಗ ಹುಡುಗರಿಗೆ ತಲಿಗೆ ಹೋಗಬೇಕಾದ್ರ ಭಾಳ ದಿನ ಹಿಡೀತದ. ನಿಮಗ ಬಂದು ಬಡಿಯೋ ವಸ್ತು ಗಾಜಿನ ಮ್ಯಾಲ ಅತ್ತಿತ್ತ ಸರಿಯೋದಿಲ್ಲ. ಒಂದೇ ಕಡಿ ಸೊಳ್ಳಿ ಕುಂತಂಗ ಕುಂತಿರ್ತದ, ಕಡೀ ಗಳಿಗ್ಯಾಗ ಭಕ್ಕನ ದೊಡ್ಡದಾಗ್ತದ. ಅಲುಗಾಡೋದನ್ನ ನಮ್ಮ ಕಣ್ಣು ಲಗೂನ ಹಿಡೀತದ, ಅಲುಗಾಡಲಾರದ್ದನ್ನ ಬಿಟ್ಟುಬಿಡ್ತದ.

ಮಷೀನ್ ಅದಾವಲ್ಲ ಅಂತೀರಿ. ದೊಡ್ಡ ವಿಮಾನದಾಗ ಟೀಕ್ಯಾಸ್ ಅಂತ ಒಂದು ಇರ್ತದ, ಎದುರು ವಿಮಾನ ಬಂದ್ರ ಮ್ಯಾಲ ಹೋಗು ಕೆಳಗ ಹೋಗು ಅಂತ ಒದರ್ತದ. ಆದ್ರ ಅದು ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್, ಅಂದ್ರ ನಾನು ಇಲ್ಲಿದೀನಿ ಅಂತ ರೇಡಿಯೋದಾಗ ತಿಳಸೋ ಡಬ್ಬಿ, ಕೊಟ್ಟ ಸಿಗ್ನಲ್ ಕೇಳಿ ಒದರೋದು. ಜಿಗದ ಮನಷ್ಯಾನ ಮೈಮ್ಯಾಲ ಎಲ್ಲೀ ಟ್ರಾನ್ಸ್‌ಪಾಂಡರ್ರೀ? ಅದರ ಪಾಲಿಗೆ ಅಂವ ಆಕಾಶದಾಗ ಇಲ್ಲೇ ಇಲ್ಲ.

ಒಂದು ಘಟನಾ ಹೇಳ್ತೀನಿ, ಇದನ್ನ ನಾನು ಎಲ್ಲಿ ಹೋದ್ರೂ ಹೇಳ್ತೀನಿ. 2014ರ ಮಾರ್ಚ್ 8, ಅಮೆರಿಕದ ಫ್ಲೋರಿಡಾ, ಮಲ್ಬೆರಿ ಅನ್ನೋ ಊರ ಹತ್ರ ಒಂದು ಸಣ್ಣ ಏರ್‌ಪೋರ್ಟ್. ವಿಮಾನಗಳಿಗೆ ರೇಡಿಯೋದಾಗ ದಾರಿ ಹೇಳೋ ಟವರ್ ಅಲ್ಲಿ ಇಲ್ಲ. ಒಂದು ಕಡಿ ಸ್ಕೈಡೈವಿಂಗ್ ನಡದದ, ಇನ್ನೊಂದು ಕಡಿ 87 ವರ್ಷದ ಒಬ್ರು ಹಿರಿಯರು ತಮ್ಮ ಸೆಸ್ನಾ 170 ತಗೊಂಡು ಪ್ರಾಕ್ಟೀಸ್ ಮಾಡ್ಲಿಕತ್ತಾರ, ಗಾಲಿ ನೆಲಕ್ಕ ಮುಟ್ಟಸ್ತಾರ, ನಿಂದ್ರಲಾರದ ಮತ್ತ ಎತ್ತತಾರ, ಇದಕ್ಕ ಟಚ್ ಆಂಡ್ ಗೋ ಅಂತಾರ. ಅದೇ ಹೊತ್ತಿಗೆ ಒಬ್ಬ ಜಂಪರ್ ಪ್ಯಾರಾಶೂಟ್ ಬಿಚ್ಚಿ ಆರಾಮ ಇಳೀಲಿಕತ್ತಾನ, ಇನ್ನೇನು ಕಾಲು ನೆಲಕ್ಕ ಹತ್ತಬೇಕು, ಅಷ್ಟು ಕೆಳಗ ಬಂದಾನ. ವಿಮಾನದ ರೆಕ್ಕಿ ಹೋಗಿ ಪ್ಯಾರಾಶೂಟಿನ ದಾರಕ್ಕ ಸಿಕ್ಕೊಂಡ್ತು ನೋಡ್ರಿ! ಅಂವ ಗಾಳ್ಯಾಗ ಗಿರ್‍ರನ ತಿರಗಿ ಬಿದ್ದ, ವಿಮಾನ ಮೂತಿ ಕೆಳಗ ಮಾಡಿ ನೆಲಕ್ಕ ಬಡೀತು. ಅಲ್ಲೇ ಒಬ್ರು ಕ್ಯಾಮೆರಾ ಹಿಡಕೊಂಡು ನಿಂತಿದ್ರು, ಒಂದರ ಹಿಂದ ಒಂದು ಫೋಟೋ ಬಂದಾವ, ದುನಿಯಾನೇ ನೋಡ್ಯದ. ಒಂದು ಫೋಟೋದಾಗ ವಿಮಾನ ವಾರಿ ಆಗಿ ನಿಂತದ, ದಾರ ರೆಕ್ಕಿಗೆ ಸುತಗೊಂಡಾವ, ಮನಷ್ಯಾ ಇನ್ನೂ ಗಾಳ್ಯಾಗೇ ಅದಾನ. ಆ ಫೋಟೋ ಮುಂದಿಟ್ಟುಕೊಂಡು ನಾನು ಭಾಳ ಹೊತ್ತು ಕುಂತೀನ್ರಿ. ಪುಣ್ಯಾಕ್ಕ ಇಬ್ರೂ ಸಣ್ಣಪುಟ್ಟ ಗಾಯದಾಗ ಉಳದ್ರು. ತನಿಖಿ ಮಾಡಿದವರು ಏನು ಬರದ್ರು? ಇಬ್ರೂ ಒಬ್ಬರಿಗೊಬ್ಬರು ನೋಡ್ಕೊಂಡು ಸರೀಲಿಲ್ಲ ಅಂತ. ಹಾಡಹಗಲು ಆಗಿದ್ದ ಘಟನಾ ಇದು, ಕಣ್ಣಿನ ಮ್ಯಾಲ ಬಿಟ್ರ ಹಿಂಗಾಗ್ತದ. ಎಲ್ಲಾರೂ ಹಿಂಗ ಉಳೀತಾರ ಅಂತಿಲ್ಲ, 1993ರಾಗ ಮಸಾಚುಸೆಟ್ಸ್‌ದಾಗ ಬೀಳ್ತಿದ್ದ ಜಂಪರ್ ಒಂದು ಸಣ್ಣ ವಿಮಾನದ ಬಾಲಕ್ಕ ಬಡದ, ಅಂವ ಉಳದ, ವಿಮಾನದಾಗಿದ್ದ ನಾಲ್ಕೂ ಮಂದಿ ಹೋದ್ರು.

ಹಂಗಾದ್ರ ಹೇಳೋದು ಹ್ಯಾಂಗ? ಮೊದಲ ನೋಟಮ್, ಅಂದ್ರ ಪೈಲಟ್‌ಗಳಿಗೆ ಕೊಡೋ ಸೂಚನಾ ಪತ್ರ, ಹೊಂಡ್ತದ, ಇಂಥಾ ಜಾಗದಾಗ, ಇಷ್ಟು ಎತ್ತರದ ತನಕ, ಈ ಟೈಮಿನಿಂದ ಈ ಟೈಮಿಗೆ ಜಂಪಿಂಗ್ ಅದ ಅಂತ. ಪೈಲಟ್ ಹಾರೋಕ್ಕಿಂತ ಮೊದಲ ಅದನ್ನ ಓದಬೇಕು. ಓದೋದೇ ಇಲ್ಲ ಕೆಲವರು, ಸಿಟ್ಟು ಬರ್ತದ್ರಿ ನನಗ! ಆಮ್ಯಾಲ ಜಿಗಿಯೋರನ್ನ ಮ್ಯಾಲ ಒಯ್ದ ಜಂಪ್ ಪೈಲಟ್ ರೇಡಿಯೋದಾಗ ಹೇಳಬೇಕು, ಐದು ನಿಮಿಷದಾಗ ಬಿಡ್ತೀವಿ ಅಂತ. ಅಮೆರಿಕದಾಗ ಐದು ನಿಮಿಷ ಮೊದಲ ಸಂಪರ್ಕ ಆಗಿರಲೇಬೇಕು ಅಂತ ಕಾನೂನೇ ಅದ. ಟವರ್ನಾವ ಆ ಕಡಿ ಬರೋ ವಿಮಾನ ಬ್ಯಾರೆ ಕಡಿ ತಿರಗಿಸಿ, ಈಗ ಬಿಡ್ರಿ ಅಂದ ಮ್ಯಾಲೇ ಬಾಗಲಾ ತಗೀಬೇಕು. ಜಿಗದ ಮ್ಯಾಲ ಪೈಲಟ್ ‘ಜಂಪರ್ಸ್ ಅವೇ’, ಅಂದ್ರ ಜಿಗಿಯೋರು ಹೋದ್ರು, ಅಂತ ರೇಡಿಯೋದಾಗ ಕೂಗಬೇಕು, ಕಡೀ ಮನಷ್ಯಾ ನೆಲಕ್ಕ ಹತ್ತಿದ ಮ್ಯಾಲ ಅದನ್ನೂ ಹೇಳಬೇಕು. ಬಾಗಲದಾಗ ನಿಂತಾಂವ ಬಗ್ಗಿ ಕೆಳಗ ನೋಡ್ತಾನ, ನೋಡ್ಲಿ, ಆದ್ರ ಹೇಳಿದ ಮ್ಯಾಲ ನೋಡ್ಲಿ.

ಮೋಡದ ವಿಷಯ ಭಾಳ ಇತ್ತು, ಟೈಮ್ ಇಲ್ಲ. ಮೋಡದೊಳಗಿಂದ ಜಿಗೀಬಾರದು, ಅಷ್ಟೇ ನೆನಪಿಡ್ರಿ. ಮದುವಿ ಡ್ರೋನಿನ ಹುಡುಗರೂ ಕೇಳ್ರಿ, ಡ್ರೋನ್ ಎಲ್ಲಿ ಹಾರಸಬಹುದು ಅಂತ ತೋರಸೋ ಸರ್ಕಾರದ ಡಿಜಿಟಲ್ ಸ್ಕೈ ನಕಾಶಿದಾಗ ಕೆಂಪು, ಹಳದಿ, ಹಸಿರು ಅಂತ ಅದ, ನೋಡಿ ಹಾರಸ್ರಿ.

ಉತ್ಸವ ಮಾಡೋರಿಗೆ ಒಂದು ಮಾತು. ನೋಟಮ್‌ದಾಗಿನ ಟೈಮ್ ನಮ್ಮ ಗಡಿಯಾರದ್ದಲ್ಲ, ಎಲ್ಲಾ ದೇಶಕ್ಕೂ ಒಂದೇ ಆದ ಯುಟಿಸಿ ಟೈಮ್, ನಮ್ಮದಕ್ಕಿಂತ ಐದೂವರಿ ತಾಸು ಹಿಂದಿಂದು. ಮುಂಜಾನಿ ಹತ್ತಕ್ಕ ಕಾರ್ಯಕ್ರಮ ಇದ್ರ ಅದರಾಗ 0430 ಅಂತ ಇರ್ತದ, ಹನ್ನೊಂದಕ್ಕ ಮುಗದ್ರ 0530. ಈಗ ಸಾಹೇಬ್ರು ಬರೋದು ಎರಡು ತಾಸು ತಡ ಆಯ್ತು, ಮಂದಿ ಕಾಯ್ಲಿಕತ್ತಾರ, ಜಿಗಿಯೋರನ್ನ ಮ್ಯಾಲ ಕಳಸೋಣ ಅಂತ ಯಾರೋ ಅಂತಾರ. ಕಳಸಬ್ಯಾಡ್ರಿ. ಆ ಟೈಮ್ ಮುಗದದ, ಇನ್ನ ಯಾರೂ ಜಿಗಿಯೋದಿಲ್ಲ ಅಂತ ತಿಳಕೊಂಡು ಪೈಲಟ್ ಅದೇ ದಾರಿಲೆ ಹೊಂಟಿರ್ತಾನ. ಟವರ್‌ಗೆ ಫೋನ್ ಹಚ್ರಿ, ತಡ ಆಗ್ಯದ ಅಂತ ಹೇಳ್ರಿ, ಅವರು ಹೊಸ ಟೈಮ್ ಕೊಟ್ಟ ಮ್ಯಾಲ ವಿಮಾನ ಎಬ್ಬಸ್ರಿ. ನಮಸ್ಕಾರ.